ತೋರ್ಸು ಸರ್ ಮೇಲೆ ನನ್ನ ಗುಮಾನಿ

ಯಾರ ಪ್ರಶ್ನೆಗೂ ಉತ್ತರ ಕೊಡದೆ ಒಬ್ಬ ಮನುಷ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎರಡು ವರ್ಷ ಪಾಠ ಮಾಡಬಹುದೆಂದರೆ ನೀವು ನಂಬುತ್ತೀರಾ? ನಾನಂತೂ ನಂಬಿರಲಿಲ್ಲ. ಆದರೆ ನನ್ನ ನಂಬಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಾನು ಹುಟ್ಟಾ ಸಂಶಯದ ಪ್ರಾಣಿ. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಹಣೆಯ ಮೇಲೆ 'ತೇರದಾಳ' ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನ್ನು ಕೇಳುತ್ತೇನೆ, ಆಮೇಲೆ ಡ್ರೈವರನ್ನು ಕೇಳುತ್ತೇನೆ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳುತ್ತೇನೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಅಜ್ಜ, "ಮೂರು ಮಂದಿ ಕೂಡಿ ಸುಳ್ಳ ಹೇಳಾಕ ನೀವೇನ ಮಂತ್ರಿ ಏನ್ರಿ?" ಎಂದು ಕೇಳಿದ್ದ. ನನ್ನ ಹೆಂಡತಿ ಹೇಳುವ ಪ್ರಕಾರ, ಮದುವೆಯಲ್ಲಿ ತಾಳಿ ಕಟ್ಟಿದ ಮೇಲೂ ನಾನು ಗಂಟನ್ನು ಎರಡು ಸಲ ಜಗ್ಗಿ ನೋಡಿದ್ದೆನಂತೆ. ಮೆಕ್ಯಾನಿಕಲ್ ಇಂಜಿನಿಯರ್ ಆದವನು ಗಂಟು ಹಾಕಿ ಜಗ್ಗಿ ನೋಡದೆ ಬಿಡುತ್ತಾನೆಯೇ?

ಇಂಥ ನನ್ನ ಕೈಗೇ ಆತ ಸಿಕ್ಕ. ನಾನು ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥ, ಆತ ನಮ್ಮಲ್ಲಿಗೆ ವರ್ಷ ವರ್ಷದ ಗುತ್ತಿಗೆಯ ಮೇಲೆ ಬಂದ ಲೆಕ್ಚರರ್. ಹೆಸರು ಹೇಳುವುದಿಲ್ಲ. ಹುಡುಗರು ಇಟ್ಟ ಹೆಸರು ಬೇಕಾದರೆ ಹೇಳುತ್ತೇನೆ: ತೋರ್ಸು ಸರ್. ಯಾರು ಏನು ಕೇಳಲು ಬಾಯಿ ತೆರೆದರೂ ಆತ, "ಬಾಯಾಗ ಬ್ಯಾಡ, ತೋರ್ಸು" ಎನ್ನುತ್ತಿದ್ದ. ಹುಡುಗ ಎದ್ದು ಬಂದು, ಗೇರು ಹಿಡಿದು, ತನಗೆ ತಿಳಿಯದ್ದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ತೋರಿಸುವಷ್ಟರಲ್ಲಿ ಅರ್ಧ ಜನಕ್ಕೆ ಉತ್ತರ ತಾನೇ ಹೊಳೆದುಬಿಡುತ್ತಿತ್ತು. ಉಳಿದರ್ಧ ಜನಕ್ಕೆ ಆತ ಬಾಯಿಂದ ಹೇಳದೆ ಅವರ ಕೈ ಹಿಡಿದು ತಿರುಗಿಸುತ್ತಿದ್ದ.

ಆತನ ಇಂಟರ್‌ವ್ಯೂ ಕಮಿಟಿಯಲ್ಲಿ ನಾನೂ ಇದ್ದೆ. ನನ್ನ ಗುಮಾನಿ ಹುಟ್ಟಿದ್ದು ಅಲ್ಲಿಯೇ. ರ‍್ಯಾಚೆಟ್ ಅಂದರೆ ಏನು ಎಂದು ಕೇಳಿದೆ. ಆತ ನನ್ನ ಮಾರಿಯನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿದ. ಆಮೇಲೆ ಚೀಲದಿಂದ ಪವರ್‌ಲೂಮಿನ ಹಲ್ಲಿನ ಗಾಲಿಯೊಂದನ್ನು ತೆಗೆದು, ಎಣ್ಣೆ ಜಿಡ್ಡಿನ ಸಮೇತ ಮೇಜಿನ ಬಿಳಿ ಬಟ್ಟೆಯ ಮೇಲಿಟ್ಟು, ಹಿಡಿಕೆಯನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟ. "ತಿರುವ್ರಿ." ಅವರು ತಿರುವಿದರು, ಗಾಲಿ ತಿರುಗಿತು. "ಈಗ ಹಿಂದಕ್ಕ ತಿರುವ್ರಿ." ಗಾಲಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪ್ರಿನ್ಸಿಪಾಲರು ಹಟಕ್ಕೆ ಬಿದ್ದರು. ಆಡಳಿತ ಮಂಡಳಿಯ ಹಿರಿಯರು ಒಂದು ಕೈ ನೋಡಿದರು. ಹೊರಗಿನಿಂದ ಬಂದಿದ್ದ ತಜ್ಞರು ಕೋಟು ಕಳಚಿ ಎದ್ದು ನಿಂತರು! ಇಪ್ಪತ್ತು ನಿಮಿಷ ಆ ಖೋಲಿಯಲ್ಲಿ ಯಾರಿಗೂ ಪ್ರಶ್ನೆ ಕೇಳುವ ನೆನಪೇ ಆಗಲಿಲ್ಲ. ಕೊನೆಗೆ ಪ್ರಿನ್ಸಿಪಾಲರು ಕರಿ ಕೈ ಒರೆಸಿಕೊಳ್ಳುತ್ತ, "ಇಂಥಾವರು ಬೇಕ್ ನೋಡ್ರಿ ನಮಗ" ಅಂದರು.

"ಒಂದೂ ಪ್ರಶ್ನೆಗೆ ಉತ್ತರ ಕೊಡಲಿಲ್ಲಲ್ರಿ" ಅಂದೆ.

"ಕೇಳಿದ್ರ ಕೊಡತಿದ್ದ" ಅಂದರು. ಕೇಳಿದವನು ನಾನೇ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಹೀಗೆ ಒಳಗೆ ಬಂದವನು ನಮ್ಮ ಕ್ಲಾಸ್ ರೂಮುಗಳನ್ನು ಗ್ಯಾರೇಜು ಮಾಡಿಬಿಟ್ಟ. ಇಪ್ಪತ್ತೆರಡು ವರ್ಷ ನಾನು ಅದೇ ರೂಮುಗಳಲ್ಲಿ ಅದೇ ಹಳದಿ ನೋಟ್ಸು ಹಿಡಿದು ಪಾಠ ಮಾಡಿದವನು. ಸೂಜಿ ಬಿದ್ದರೂ ಕೇಳಿಸಬೇಕು, ಹಾಗಿರುತ್ತಿತ್ತು ಶಾಂತಿ. ಈಗ ಕಾರಿಡಾರಿನಲ್ಲಿ ಹಾದು ಹೋದರೆ ಒಳಗೆ ಸೈಕಲ್ಲು ಅಡಿಮೇಲಾಗಿ ನಿಂತಿರುತ್ತಿತ್ತು. ಹುಡುಗಿಯರು ನೆಲದ ಮೇಲೆ ಕೂತು ಪಂಪು ಬಿಚ್ಚುತ್ತಿದ್ದರು. ಒಂದು ದಿನ ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಡಿಯೇ, ಮಾಲೀಕನ ಸಮೇತ, ಬಂದು ನಿಂತಿತ್ತು. ಗೇರಿನ ಹಲ್ಲು ಎಣಿಸಿ, ವೇಗದ ಲೆಕ್ಕ ಮಾಡಿ, ಆಮೇಲೆ ಅರವತ್ತು ಮಂದಿ ಒಂದೊಂದು ಗ್ಲಾಸು ಕುಡಿದರು. ಬೈಯಲೆಂದು ಬಂದ ಪ್ರಿನ್ಸಿಪಾಲರು ಎರಡು ಗ್ಲಾಸು ಕುಡಿದು, ನಿಂಬೆಹಣ್ಣು ಸ್ವಲ್ಪ ಕಮ್ಮಿಯಾಗಿದೆ ಎಂದು ಹೇಳಿ ಹೋದರು.

ಆತ ಬಂದ ಎರಡನೆಯ ವರ್ಷ ಪ್ರಿನ್ಸಿಪಾಲರು ಯಾವುದೋ ಕಮ್ಮಟಕ್ಕೆ ಹೋಗಿ ಒಂದು ಚೀಲವನ್ನೂ ಒಂದು ಶಬ್ದವನ್ನೂ ತಂದರು. ಚೀಲವನ್ನು ಮನೆಗೆ ಒಯ್ದರು, ಶಬ್ದವನ್ನು ನಮ್ಮ ತಲೆಗೆ ಕಟ್ಟಿದರು: ಇಂಟರ್‌ಆಕ್ಟಿವ್ ಟೀಚಿಂಗ್. ಮಾಸ್ತರ ಮಾತಾಡಬೇಕು, ಹುಡುಗರೂ ಮಾತಾಡಬೇಕು, ಇಬ್ಬರೂ ಕೂಡಿ ಮಾಡಿ ಕಲಿಯಬೇಕು. ಇದಕ್ಕೊಂದು ಫಾರ್ಮು, ಫಾರ್ಮಿಗೆ ಹನ್ನೆರಡು ಕಾಲಂ. ಗುತ್ತಿಗೆಯ ಮೇಲಿದ್ದವರ ಕ್ಲಾಸಿನಲ್ಲಿ ಮುಖ್ಯಸ್ಥರು ಒಂದು ಸೆಮಿಸ್ಟರ್ ಕೂತು ಅದನ್ನು ತುಂಬಬೇಕು. ಕೆಳಗೆ ಸಹಿ ಮಾಡುವ ಜಾಗದ ಮೇಲೆ ಒಂದೇ ಸಾಲು: ಮುಂದಿನ ವರ್ಷಕ್ಕೆ ಮುಂದುವರಿಸಬಹುದು, ಅಥವಾ ಬೇಡ. ಅಂದರೆ ತೋರ್ಸು ಸರ್ ಇರಬೇಕೋ ಹೋಗಬೇಕೋ ಎಂಬುದು ನನ್ನ ಪೆನ್ನಿಗೆ ಬಂದು ನಿಂತಿತು. ನನಗೆ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸಂಶಯದವನಿಗೆ ಹನ್ನೆರಡು ಕಾಲಮ್ಮಿನ ಫಾರ್ಮು ಸಿಕ್ಕರೆ ಹಬ್ಬವಲ್ಲವೇ?

ಮರುದಿನದಿಂದ ನಾನು ಕೊನೆಯ ಬೆಂಚು ಹಿಡಿದೆ. ನಾಲ್ಕನೆಯ ಕಾಲಂ ಹೀಗಿತ್ತು: ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತಾರೆಯೇ? ಮೂರು ವಾರ ನೋಡಿದೆ. ಉತ್ತರಿಸುವುದಿಲ್ಲ. ವಿಷಯವೇ ಗೊತ್ತಿಲ್ಲದವನು ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಎಲ್ಲಿದೆ? ಮಾಡಿ ತೋರಿಸು ಎಂದು ಹುಡುಗರ ಕೊರಳಿಗೆ ಕಟ್ಟಿ, ತಾನು ಕಿಟಕಿಗೆ ಆತು ನಿಂತರೆ ಆಯಿತು.

ಆಮೇಲೆ ಆತನ ಸೊಕ್ಕು. ಕಾರಿಡಾರಿನಲ್ಲಿ ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥ ಕರೆಯುತ್ತಿದ್ದಾನೆ, ಈ ಮಹಾರಾಯ ತನ್ನ ಪಾಡಿಗೆ ಹೊರಟೇ ಇದ್ದಾನೆ. ಮಾತಾಡಿದರೋ ಕಟ್ಟಡವೇ ನಡುಗುವ ದನಿ. ಅದನ್ನು ಮಾತ್ರ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆತ ಬನಹಟ್ಟಿಯವನು. ಮಗ್ಗದ ಊರಿನ ಮಂದಿ ಪಕ್ಕದಲ್ಲಿ ಕೂತವರಿಗೂ ಓಣಿಯಾಚೆ ಇದ್ದವರಿಗೆ ಹೇಳಿದಂತೆ ಹೇಳುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. "ರಬಕವಿ-ಬನಹಟ್ಟಿ ದನಿ" ಎಂದು ನಕ್ಕು ಬಿಡುತ್ತಿದ್ದರು. ನಾನೂ ನಕ್ಕಿದ್ದೆ. ಬಸ್ಸಿನ ಬೋರ್ಡನ್ನೂ ನಂಬದ ನಾನು ಅದೊಂದನ್ನು ಕಣ್ಣು ಮುಚ್ಚಿ ನಂಬಿದ್ದೆ.

ಸ್ಟಾಫ್ ಮೀಟಿಂಗಿನಲ್ಲಿ ಆತನ ವಿನಯವಂತೂ ನನ್ನ ಹೊಟ್ಟೆ ಉರಿಸುತ್ತಿತ್ತು. ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡವಾಗಿ ನಗುವನು. ಪ್ರಿನ್ಸಿಪಾಲರು ತನ್ನ ಕಡೆ ತಿರುಗಿದರೆ ಸಾಕು, "ಹೌದ್ರಿ ಸರ್" ಎನ್ನುವನು. "ರವಿವಾರ ಲ್ಯಾಬ್ ತೆಗೆಯಾಕ ಯಾರ ಬರ್ತೀರಿ?" ಎಂದು ಅವರು ಕೇಳಿದಾಗ ಈತ ನಗುತ್ತ ಹೌದ್ರಿ ಎಂದುಬಿಟ್ಟ, ಸತತ ಆರು ವಾರ ಆ ಡ್ಯೂಟಿ ಈತನಿಗೇ ಬಿತ್ತು. ಇದನ್ನು ನಾನು ಪ್ರಿನ್ಸಿಪಾಲರಿಗೆ ಹಚ್ಚುವ ಬೆಣ್ಣೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೌದು, ಒಂದು ನೋಟ್‌ಬುಕ್ಕನ್ನೂ ಇಟ್ಟಿದ್ದೆ.

ಅದರಲ್ಲಿ ಎಲ್ಲಕ್ಕಿಂತ ಗಂಭೀರವಾದ ದಾಖಲೆ ಹುಡುಗರದ್ದು. ಆತ ಆ ಕಡೆ ಮಾರಿ ಮಾಡಿ ನಿಂತಾಗ ಯಾರಿಗಾದರೂ ಏನಾದರೂ ಬೇಕಾದರೆ 'ಸರ್' ಎಂದು ಕರೆಯುತ್ತಿರಲಿಲ್ಲ. ನಮ್ಮ ಹಳೆಯ ಕಟ್ಟಡದ ಕಟ್ಟಿಗೆಯ ನೆಲವನ್ನು ಹಿಮ್ಮಡಿಯಿಂದ ಎರಡು ಸಲ ಗುದ್ದುತ್ತಿದ್ದರು. ಆತ ತಟ್ಟನೆ ತಿರುಗುತ್ತಿದ್ದ. ಹುಡುಗಿಯೊಬ್ಬಳು ಮೂರು ಬೆರಳು ತೋರಿಸಿ ಕೈ ಅಡ್ಡ ಆಡಿಸುವಳು, ಆತ ತಲೆಯಾಡಿಸುವನು. ಇದೇನಿದು? ಪರೀಕ್ಷೆಯಲ್ಲಿ ಉತ್ತರ ಹೇಳಿಕೊಡುವ ಸಂಕೇತ ಭಾಷೆಯಲ್ಲದೆ ಮತ್ತೇನು! ನಾನು ಗುದ್ದುಗಳನ್ನು, ಬೆರಳುಗಳನ್ನು ತಾರೀಖಿನ ಸಮೇತ ಪಟ್ಟಿ ಮಾಡಿದೆ. ಎರಡು ಗುದ್ದು ಎಂದರೆ 'ಬಿ' ಉತ್ತರ ಎಂದು ನನ್ನ ಊಹೆ.

"ನಿಮಗ ಆ ಮನಿಶಾನ ಮ್ಯಾಲ ಯಾಕ ಇಷ್ಟ ಸಿಟ್ಟು?" ಎಂದು ಹೆಂಡತಿ ಕೇಳಿದಳು.

"ಸಿಟ್ಟಲ್ಲ. ಕರ್ತವ್ಯ."

"ಅವನ ಕ್ಲಾಸಿಗೆ ಹುಡುಗರು ಓಡಿ ಹೋಗ್ತಾರಂತಲ್ಲ."

ಈ ಸುದ್ದಿ ಅವಳಿಗೆ ಯಾರು ಹೇಳಿದರೋ. ಆ ರಾತ್ರಿಯ ಊಟ ನನಗೆ ರುಚಿಸಲಿಲ್ಲ.

ಆತ ಹುಡುಗರನ್ನು ಕೃಷ್ಣಾ ನದಿಯ ಚಿಕ್ಕಪಡಸಲಗಿ ಬ್ಯಾರೇಜಿಗೆ ಕರೆದುಕೊಂಡು ಹೋದಾಗಲೂ ನಾನು ಬೆನ್ನು ಬಿಡಲಿಲ್ಲ. ಆತ ಹುಡುಗರನ್ನು ಗೇಟಿನ ಕಬ್ಬಿಣಕ್ಕೆ ಅಂಗೈ ಹಚ್ಚಿ ನಿಲ್ಲಿಸಿದ. ಕೃಷ್ಣೆ ಒತ್ತುವುದು ಕೈಗೆ ತಿಳಿಯಬೇಕಂತೆ. ನನಗೂ ಹಚ್ಚಲು ಹೇಳಿದ, ಹಚ್ಚಿದೆ. ಬಿಸಿಲಿಗೆ ಕಬ್ಬಿಣ ಕಾದಿತ್ತು, ನನಗೆ ತಿಳಿದದ್ದು ಅಷ್ಟೇ. ಆತ ಮಾತ್ರ ಕಣ್ಣು ಮುಚ್ಚಿ, ಈ ಗೇಟಿನ ಕೆಳಗೆ ಏನೋ ಸಿಕ್ಕಿಕೊಂಡಿದೆ ಎಂದ. ಅಲ್ಲಿದ್ದ ರೈತರೊಬ್ಬರು ಹೌದೆಂದರು, ಎರಡು ದಿನದ ಹಿಂದೆ ಕಟ್ಟಿಗೆಯ ಬೊಡ್ಡೆ ಬಂದು ಕೂತಿದೆಯಂತೆ. ಆತ ಮುಂಚೆಯೇ ಅವರನ್ನು ಕೇಳಿ ತಿಳಿದುಕೊಂಡಿರಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಸೆಮಿಸ್ಟರಿನ ಕೊನೆಯ ವಾರ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿಗೆ ಹೋಗುವುದಿತ್ತು. ಕ್ಯಾಮು, ಕ್ರ್ಯಾಂಕು, ರ‍್ಯಾಚೆಟ್ಟು, ಪುಸ್ತಕದಲ್ಲಿ ಚಿತ್ರವಾಗಿ ಸತ್ತು ಬಿದ್ದ ಎಲ್ಲವೂ ಒಂದೇ ಮಗ್ಗದಲ್ಲಿ ಜೀವಂತವಾಗಿ ಸಿಗುತ್ತವೆ ಎಂಬುದು ಆತನ ವಾದ. ಶೆಡ್ಡು ಆತನ ಚಿಗವ್ವನದು, ಅಂದರೆ ಚಿಕ್ಕಮ್ಮನದು. ಸ್ವಂತದವರ ಶೆಡ್ಡಿಗೇ ಯಾಕೆ ಒಯ್ಯಬೇಕು, ಇದರಲ್ಲೇನು ಒಳಸಂಚು ಎಂದುಕೊಳ್ಳುತ್ತ ನಾನೂ ಬಸ್ ಹತ್ತಿದೆ.

ಇಪ್ಪತ್ತು ಮಗ್ಗ ಒಟ್ಟಿಗೆ ನಡೆಯುವ ಶೆಡ್ಡಿನ ಒಳಗೆ ನೀವು ಹೋಗಿದ್ದೀರೋ ಇಲ್ಲವೋ ಗೊತ್ತಿಲ್ಲ. ಲಾಳಿ ಆ ಕಡೆಯಿಂದ ಈ ಕಡೆ ಬಡಿಯುವ ಸದ್ದು ಮೊದಲು ಕಿವಿಗೆ, ಆಮೇಲೆ ಹಲ್ಲಿಗೆ, ಆಮೇಲೆ ಎದೆಗೆ ಹೊಡೆಯುತ್ತದೆ. ನಾನು ಪಕ್ಕದ ಹುಡುಗನಿಗೆ, "ಹುಷಾರಿ, ಬೆಲ್ಟಿನ ಹಂತೇಕ ಹೋಗಬ್ಯಾಡ" ಎಂದು ಕಿರುಚಿದೆ. ಅವನಿಗಿರಲಿ, ನನಗೇ ನನ್ನ ದನಿ ಕೇಳಿಸಲಿಲ್ಲ.

ಆದರೆ ಅಲ್ಲಿ ಉಳಿದವರೆಲ್ಲ ಮಾತಾಡುತ್ತಿದ್ದರು! ಶೆಡ್ಡಿನ ಆ ತುದಿಯಲ್ಲಿದ್ದ ನೇಕಾರ ತುಟಿ ಆಡಿಸಿ ಎರಡು ಬೆರಳು ಎತ್ತಿದ. ಈ ತುದಿಯಲ್ಲಿ ತೋರ್ಸು ಸರ್ ನಕ್ಕು, ಕೈ ತಿರುವಿ ಏನೋ ಹೇಳಿದ. ನೇಕಾರನೂ ನಕ್ಕ. ಆಮೇಲೆ ಆತ ಐದೈದು ಹುಡುಗರನ್ನು ಕರೆದು, ಒಂದು ಮಗ್ಗದ ಚೌಕಟ್ಟಿಗೆ ಅಂಗೈ ಹಚ್ಚಿಸಿದ. ಹುಡುಗರು ಕಣ್ಣು ಮುಚ್ಚಿ ನಿಂತರು. ಮೊದಲು ಕಣ್ಣು ತೆರೆದವಳು ಬೀಳಗಿ ತಾಲೂಕಿನ ಅನಗವಾಡಿಯಿಂದ ಬರುವ ಹುಡುಗಿ. ಬೆರಳಿನಲ್ಲಿ ಒಂದು ಹಲ್ಲು ಜಾರುವುದನ್ನು ಆಡಿ ತೋರಿಸಿದಳು. ಮಗ್ಗ ನಿಲ್ಲಿಸಿ ನೋಡಿದರು. ರ‍್ಯಾಚೆಟ್ಟಿನ ಹಲ್ಲೊಂದು ಸವೆದಿತ್ತು. ನನ್ನ ಕ್ಲಾಸಿನಲ್ಲಿ ಅವಳು ಇದೇ ವಿಷಯದಲ್ಲಿ ಇಪ್ಪತ್ತೈದಕ್ಕೆ ಆರು ತೆಗೆದಿದ್ದಳು.

ತಲೆ ಚಿಟ್ಟು ಹಿಡಿದು ಹೊರಗೆ ಬಂದೆ. ಕಟ್ಟೆಯ ಮೇಲೆ ಆತನ ಚಿಗವ್ವ ಚಹಾ ಕೊಟ್ಟಳು. ಅರವತ್ತು ದಾಟಿದ ಹೆಂಗಸು, ಅವಳದೂ ಅದೇ ಕಟ್ಟಡ ನಡುಗುವ ದನಿ.

"ನೀವು ನಮ್ಮ ಹುಡುಗನ ದ್ವಾಸ್ತರೇನ್ರಿ?"

ಹೌದೆಂದೆ. ಫಾರ್ಮು ತುಂಬಲು ಬಂದವನು ಎಂದು ಹೇಗೆ ಹೇಳಲಿ?

"ಹಂಗಾರ ನಿಮಗ ಹೇಳೂದ ಬ್ಯಾಡ. ಎಡಗಿವಿ ಪೂರಾ ಹೋಗೇತ್ರಿ ಅವಂದು. ಬಲಗಿವಿ ಒಂದೀಟ ಉಳದೈತಿ. ಹುಟ್ಟಿದ್ದ ಈ ಮಗ್ಗದ ಬುಡಕ, ಬೆಳದದ್ದ ಇಲ್ಲೆ. ಕಿವಿಗೆ ಮಷಿನ್ನೂ ಹಾಕಿ ನೋಡಿದ್ವಿ, ಗದ್ಲ ಅಷ್ಟ ಕೇಳತೈತಿ, ಮಾತು ತಿಳಿಯಂಗಿಲ್ಲಂತ. ತುಟಿ ನೋಡಿ ತಿಳಕೊಂತಾನ." ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದಳು. "ಕಾಲೇಜಿನ್ಯಾಗ ಎಲ್ಲಾರಿಗೂ ಗೊತ್ತೈತಿ ಚಿಗವ್ವಾ, ಎಲ್ಲಾರೂ ಸಂಭಾಳಸ್ತಾರ ಅಂತಾನ. ದೊಡ್ಡ ಮನಸಿನವರು ನೀವು. ನಿಮ್ಮ ಸಲುವಾಗಿ ಒಂದ ತುತ್ತ ಅನ್ನ ಉಣ್ಣಾಕತ್ತೇತಿ ಆ ಜೀವ."

ಬಟ್ಟಲನ್ನು ಕೆಳಗಿಟ್ಟೆ. ಕಾರಿಡಾರಿನ ಸೊಕ್ಕು, ಮೀಟಿಂಗಿನ ಬೆಣ್ಣೆ, ತಡವಾದ ನಗು, ನೆಲದ ಗುದ್ದು, ನಾನು ತಾರೀಖು ಹಾಕಿ ಬರೆದ ಒಂದೊಂದಕ್ಕೂ ಉತ್ತರ ಅಲ್ಲಿ ಕಟ್ಟೆಯ ಮೇಲೆ ಸಿಕ್ಕಿತು. ನನಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಸಿಟ್ಟೂ ಬಂತು. ನಮ್ಮೆಲ್ಲರಿಗೂ ಟೋಪಿ ಹಾಕಿದನಲ್ಲ!

ಅನಗವಾಡಿಯ ಹುಡುಗಿ ನೀರು ಕುಡಿಯಲು ಹೊರಗೆ ಬಂದಿದ್ದಳು. ಅವಳನ್ನೇ ಹಿಡಿದೆ.

"ನಿಮ್ಮ ಸರ್‌ಗೆ ಕಿವಿ ಕೇಳಂಗಿಲ್ಲಂತ. ನಿನಗ ಗೊತ್ತಿತ್ತೇನು?"

"ಎಲ್ಲಾರಿಗೂ ಗೊತ್ತೈತ್ರಿ ಸರ್."

"ಯಾವಾಗಿಂದ?"

"ಮೊದಲನೇ ವಾರದಿಂದ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಅರವತ್ತು ಮಂದಿ! ಯಾರ ಪ್ರೇಮವನ್ನೂ ಅರ್ಧ ದಿನ ಗುಟ್ಟಾಗಿ ಇಡಲಾಗದ ಮಕ್ಕಳು, ಇದನ್ನು ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವು. ಅವಳು ಗ್ಲಾಸು ಕೆಳಗಿಟ್ಟಳು.

"ಸರ್, ಸಿಟ್ಟಾಗಬ್ಯಾಡ್ರಿ. ನಾವು ಕನ್ನಡ ಸಾಲ್ಯಾಗ ಕಲತಾವ್ರು. ನಿಮ್ಮ ಕ್ಲಾಸಿನ್ಯಾಗ ಡೌಟ್ ಬಂದ್ರ ಮೊದಲ ಇಂಗ್ಲಿಷ್ ಹುಡುಕಬೇಕ್ರಿ. ಹುಡುಕೂದ್ರಾಗ ನೀವು ಮುಂದಿನ ಪಾನಾ ತಿರುವಿರ್ತೀರಿ. ಈ ಸರ್ ಹಂತೇಕ ಹುಡುಕೂದಿಲ್ಲ. ಹೋಗಿ ತೋರ್ಸೂದು ಅಷ್ಟ. ನಮಗ ಹೇಳಾಕ ಬರಂಗಿಲ್ಲ, ಅವರಿಗೆ ಕೇಳಸಂಗಿಲ್ಲ. ಹೊಂದೇತ್ರಿ." ಆಮೇಲೆ ನನ್ನ ಕಂಕುಳಲ್ಲಿದ್ದ ನೋಟ್‌ಬುಕ್ಕಿನ ಕಡೆ ನೋಡಿ, ಬಿರುಸಾಗಿಯೇ ಕೇಳಿದಳು: "ಅದರಾಗ ಏನ ಬರಿಯಾಕತ್ತೀರಿ ಸರ್? ಅವರನ್ನ ತಗದ್ರ ನಾವು ಅರವತ್ತು ಮಂದಿನೂ ಮತ್ತ ಸುಮ್ನ ಕುಂದ್ರಬೇಕಾಗತೈತಿ."

ಹಿಂದಿರುಗುವ ಬಸ್ಸಿನಲ್ಲಿ ಆ ನೋಟ್‌ಬುಕ್ಕನ್ನು ಚೀಲದ ತಳಕ್ಕೆ ತುರುಕಿದೆ. ಎರಡು ದಿನ ಫಾರ್ಮಿನ ಮುಂದೆ ಕೂತೆ. ಸಂಶಯದವನಿಗೆ ಸುಲಭಕ್ಕೆ ಬಿಡುಗಡೆಯಿಲ್ಲ ನೋಡಿ. ಕಬ್ಬಿಣ ಕಡೆಯುವ ಲೇಥ್ ಮಷಿನು ಓಡುವ ಜಾಗದಲ್ಲಿ ಕಿವಿ ಕೇಳದವನು ಇರಬಹುದೇ? ಯಾರಾದರೂ ಕೂಗಿದರೆ? ಇದನ್ನು ಯೋಚಿಸಿದೆ. ಕೂಗುವ ಮೊದಲೇ ನಡುಕ ತಿಳಿದು ಮಷಿನು ನಿಲ್ಲಿಸುತ್ತಿದ್ದವನು ಆತನೇ. ಕಳೆದ ಎರಡು ವರ್ಷದಲ್ಲಿ ಆ ಲ್ಯಾಬಿನಲ್ಲಿ ಯಾರ ಬೆರಳಿಗೂ ಗಾಯವಾಗಿರಲಿಲ್ಲ. ನಾನು ನೋಡಿಕೊಳ್ಳುತ್ತಿದ್ದಾಗ ಆಗಿತ್ತು.

ನಾಲ್ಕನೆಯ ಕಾಲಮ್ಮಿಗೆ 'ಹೌದು' ಎಂದು ಬರೆದೆ. ಕೆಳಗಿನ ಸಾಲಿನಲ್ಲಿ 'ಮುಂದುವರಿಸಬಹುದು' ಎಂಬುದನ್ನು ಉಳಿಸಿ ಉಳಿದದ್ದನ್ನು ಹೊಡೆದು ಹಾಕಿದೆ. ಹನ್ನೆರಡು ಕಾಲಮ್ಮಿನಲ್ಲಿ ಕಿವಿಗೆ ಕಾಲಂ ಇರಲಿಲ್ಲ. ಇಲ್ಲದ ಕಾಲಂ ತುಂಬುವ ಚಟ ನನಗಿಲ್ಲ.

ಪ್ರಿನ್ಸಿಪಾಲರಿಗೆ ಕೊಡುವ ಮೊದಲು ಫಾರ್ಮು ಹಿಡಿದು ಲ್ಯಾಬಿಗೆ ಹೋದೆ. ಮಧ್ಯಾಹ್ನದ ಬಿಡುವು, ಆತ ಒಬ್ಬನೇ ಲೇಥ್ ಒರೆಸುತ್ತಿದ್ದ. ಸುತ್ತು ಹಾಕಿ ಬಲಗಡೆ ಹೋಗಿ, ಮಾರಿಗೆ ಮಾರಿ ಕೊಟ್ಟು ನಿಂತೆ. ನಾನು ನಿಂತ ಜಾಗ ನೋಡಿಯೇ ಆತನಿಗೆ ತಿಳಿದುಹೋಯಿತು. ಕೈಯಲ್ಲಿದ್ದ ಅರಿವೆಯನ್ನು ಮಡಿಚಿ, ಮತ್ತೆ ಮಡಿಚಿ, ಮಷಿನಿನ ಮೇಲಿಟ್ಟ.

"ಚಿಗವ್ವ ಹೇಳಿದ್ಲ ಅನಸ್ತೈತ್ರಿ."

"ಹೌದು."

"ಬ್ಯಾಡ ಅಂತ ಬರದ ಬಿಡ್ರಿ ಸರ್, ನಿಮ್ಮ ತಪ್ಪಿಲ್ಲ." ಮೊದಲ ಸಲ ಆತನ ದನಿ ಸಣ್ಣದಾಗಿತ್ತು. "ಎಲ್ಲಾರ ತುಟಿ ನೋಡಿ ನೋಡಿ, ಎಲ್ಲಿ ಸಿಕ್ಕೊಂತೇನೋ ಅಂತ ಅಂಜಿ ಅಂಜಿ, ನನಗೂ ಸಾಕಾಗೇತಿ."

ನಾನು ಫಾರ್ಮು ಕೊಟ್ಟೆ. ಆತ ಓದಿದ. ಕೆಳಗಿನ ಸಾಲಿಗೆ ಬಂದವನು ಮತ್ತೆ ಮೇಲಿನಿಂದ ಓದಿದ. ಉಪಕಾರ ಎನ್ನಲಿಲ್ಲ, ಕೈ ಮುಗಿಯಲಿಲ್ಲ. ಹಾಳೆಗೆ ಎಣ್ಣೆ ಹತ್ತೀತೆಂದು ಅಂಚಿನಲ್ಲಿ ಹಿಡಿದು ನನಗೆ ವಾಪಸು ಕೊಟ್ಟ. ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ ನನಗೆ ಒಂದು ಪ್ರಶ್ನೆ ಕೇಳಿದ.

"ಸರ್, ನನ್ನ ಹುಡುಗರ ದನಿ ಹೆಂಗ ಅದಾವ್ರಿ?"

ನಾನು ಬಾಯಿ ತೆರೆದೆ. ಅದೇ ಅರವತ್ತು ಮಂದಿಗೆ ನಾನೂ ವಾರಕ್ಕೆ ನಾಲ್ಕು ಗಂಟೆ ಪಾಠ ಮಾಡುತ್ತೇನೆ. ಹಾಜರಿ ಕರೆಯುವಾಗಿನ 'ಎಸ್ ಸರ್' ಬಿಟ್ಟರೆ ಒಂದು ದನಿಯೂ ನೆನಪಾಗಲಿಲ್ಲ. ನನ್ನ ಎರಡೂ ಕಿವಿ ನೆಟ್ಟಗಿವೆ. ಹುಸಿ ಹೇಳಬಹುದಿತ್ತು, ಆದರೆ ಆತ ನನ್ನ ತುಟಿಯ ಮೇಲೆ ಕಣ್ಣಿಟ್ಟು ಕಾಯುತ್ತಿದ್ದ.

"ಒಬ್ಬಾಕಿದ ಅಷ್ಟ ಗೊತ್ತೈತಿ ನನಗ. ಅನಗವಾಡಿ ಹುಡುಗಿದು" ಎಂದೆ.

"ಹೆಂಗೈತ್ರಿ?"

"ಒಂದೀಟ ಒಡಕ ಐತಿ. ಬಿರಸ ಐತಿ. ಅಂಜಿಕಿ ಇಲ್ಲ ಅದರಾಗ."

ಆತ ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಇನ್ನೊಮ್ಮೆ ಹೇಳ್ರಿ" ಎಂದ. ಕೇಳಿಸದ್ದಕ್ಕೆ ಕೇಳಿದನೆಂದು ನನಗೆ ಅನ್ನಿಸಲಿಲ್ಲ. ನಿಧಾನಕ್ಕೆ, ಒಂದೊಂದೇ ಮಾತನ್ನು ಬಿಡಿಸಿ, ಇನ್ನೊಮ್ಮೆ ಹೇಳಿದೆ.